ಟನ್ನಿಗೆ ಎಷ್ಟು, ಕೂಸಿಗೆ ಎಷ್ಟು

ಮಂಗಸೂಳಿಯಲ್ಲಿ ಭಾನುವಾರವೆಂದರೆ ಖಂಡೋಬನ ವಾರ. ಭಂಡಾರ ಬಿದ್ದೂ ಬಿದ್ದೂ ಗುಡಿಯ ಮುಂದಿನ ನೆಲ ಹಳದಿಗಟ್ಟಿರುತ್ತದೆ. ಮಿರಜ, ಸಾಂಗ್ಲಿ ಕಡೆಯ ಮರಾಠಿಯೂ ಅಥಣಿ, ರಾಯಬಾಗ ಕಡೆಯ ಕನ್ನಡವೂ ಒಂದೇ ಸರದಿಯಲ್ಲಿ ನಿಂತು, 'ಯಳಕೋಟ' ಎಂದು ಕೂಗುವಾಗ ಒಂದೇ ಆಗುತ್ತವೆ. ಕಬ್ಬಿನ ಹಂಗಾಮು ಶುರುವಾದರೆ ಇದಕ್ಕೆ ಇನ್ನೊಂದು ಸದ್ದು ಸೇರುತ್ತದೆ. ಉಗಾರದ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರುಗಳದು ಅದು, ಹಿಂದೆ ಎರಡೆರಡು ಟ್ರೇಲರ್ ಕಬ್ಬು.

ಅಂಥ ಒಂದು ಭಾನುವಾರದ ಮಧ್ಯಾಹ್ನ, ಚಹಾದಂಗಡಿಯ ಬೆಂಚಿನ ಮೇಲೆ ಇಬ್ಬರು ಮಾತಿಗೆ ಕೂತಿದ್ದರು. ಒಬ್ಬರು ಅರವತ್ತೆಂಟು ದಾಟಿದ ಕಬ್ಬಿನ ರೈತ. ಹಿಂದೆ ಒಂದು ಅವಧಿ ಪಂಚಾಯಿತಿ ಸದಸ್ಯರಾಗಿದ್ದವರು, ಶಾಲೆಯ ಎಸ್‌ಡಿಎಂಸಿಯಲ್ಲೂ ಕೂತವರು. ಇನ್ನೊಬ್ಬಳು ನಿಪ್ಪಾಣಿಯಲ್ಲಿ ಹುಟ್ಟಿ ಈ ಊರಿಗೆ ಸೊಸೆಯಾಗಿ ಬಂದವಳು. ಸಮಾಜಕಾರ್ಯ ಓದಿದ್ದಾಳೆ. ಅವಳ ತಾಯಿ ಬೀಡಿ ಕಟ್ಟಿಯೇ ಅವಳನ್ನು ಓದಿಸಿದ್ದು. ಮಾತು ಶುರುವಾದದ್ದು ತತ್ತಿಯಿಂದ.

"ಈಗ ಸಾಲ್ಯಾಗ ವಾರಕ್ಕ ಆರು ದಿನ ತತ್ತಿ ಕೊಡ್ತಾರ. ಎರಡು ದಿನದ್ದು ಸರ್ಕಾರದ್ದು, ನಾಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿಂದು. ಸರ್ಕಾರಕ್ಕಿಂತ ಒಬ್ಬ ದಾನಿ ದೊಡ್ಡಾಂವ ಆದನಲ್ಲ ತಂಗಿ? ನೀ ನೋಡಿದ್ರ ಮಕ್ಕಳ ರೊಕ್ಕಕ್ಕ ಬೇಲಿ ಹಾಕಬೇಕು, ಅದನ್ನ ಯಾರೂ ಮುಟ್ಟಬಾರದು ಅಂತೀ. ಕೊಡೂ ಮನಸ್ಸಿದ್ದವ ಬೇಲಿ ಇಲ್ಲದಿದ್ರೂ ಕೊಡ್ತಾನ."

"ಖರೇನ ಕಾಕಾ. 2024ರ ಸೆಪ್ಟೆಂಬರಿನ್ಯಾಗ ಅದು ಶುರು ಆತು. ತಾಟಿನ್ಯಾಗ ತತ್ತಿ ಬಿದ್ದದ್ದು ನೋಡಿ ನನಗೂ ಸಂತೋಷ ಆಗೇತಿ, ತತ್ತಿ ಒಲ್ಲದವರಿಗೆ ಬಾಳೆಹಣ್ಣು, ಶೇಂಗಾ ಚಿಕ್ಕಿನೂ ಐತಿ. ಆದ್ರ ಒಪ್ಪಂದ ಆಗಿದ್ದು ಒಂದೂವರಿ ಸಾವಿರ ಕೋಟಿಗೆ, ಅದೂ ಮೂರು ವರ್ಷಕ್ಕ. ಒಂದನೇತ್ತೆಗೆ ಬಂದ ಹುಡುಗಿ ನಾಕನೇತ್ತೆಗೆ ಹೋಗೂದ್ರಾಗ ಆ ಮೂರು ವರ್ಷ ಮುಗೀತಾವ. ಆಮ್ಯಾಲ?"

"ಆಮ್ಯಾಲ ಮತ್ತೊಬ್ಬ ಬರ್ತಾನ."

"ಬರದಿದ್ರ?"

ಹಿರಿಯರು ಚಹಾದ ಗ್ಲಾಸನ್ನು ಬೆಂಚಿನ ಮೇಲಿಟ್ಟರು. ತಾವೇ ಎತ್ತಿದ ಮಾತು ಎಲ್ಲಿಗೆ ಬಂದು ನಿಂತಿದೆಯೆಂದು ಅವರಿಗೆ ತಿಳಿದಂತಿತ್ತು. "ನಾವು ಸಣ್ಣವರಿದ್ದಾಗ ಸಾಲ್ಯಾಗ ಕೇರ್ ಅನ್ನೂ ಸಂಸ್ಥಾದ ಉಪ್ಪಿಟ್ಟು ಕೊಡ್ತಿದ್ರು. ಗೋಧಿ ನುಚ್ಚಿಂದು. ಅಮೆರಿಕಾದಿಂದ ಬರೂ ಹಾಲಿನ ಪುಡಿ, ಎಣ್ಣಿ ಡಬ್ಬಿ. ಮನ್ಯಾಗ ಜ್ವಾಳದ ರೊಟ್ಟಿಗೂ ತ್ರಾಸಿದ್ದ ಹುಡುಗರು ಉಪ್ಪಿಟ್ಟಿನ ವಾಸನಿಗೇ ಸಾಲಿಗೆ ಬರ್ತಿದ್ರು. ಒಂದಿನ ತಾಟು ಹಿಡದು ಸಾಲಾಗಿ ನಿಂತ್ವಿ. ಮಾಸ್ತರು ಹೊರಗ ಬಂದು, ಇವತ್ತಿಂದ ಇಲ್ರೋ, ಮನಿಗೆ ಹೋಗ್ರಿ ಅಂದ್ರು. ಯಾಕಂತ ಅವರಿಗೂ ಗೊತ್ತಿರಲಿಲ್ಲ."

"ನಾ ಹೇಳೂದು ಅದನ್ನ. ದಾನಿಗೆ ಯಾಕ ನಿಲ್ಲಿಸಿದ್ರಿ ಅಂತ ಕೇಳಾಕ ಬರೂದಿಲ್ಲ. ಸರ್ಕಾರಕ್ಕ ಕೇಳಬಹುದು."

"ಕೇಳಿದ್ರ ಸರ್ಕಾರ ಉತ್ತರ ಕೊಡ್ತೈತೇನು? ಎಂಟನೇತ್ತೆ ಹುಡುಗರಿಗೆ ಸೈಕಲ್ ಕೊಡ್ತಿದ್ರಲ್ಲ, 2006ರಿಂದ. ಕೊರೊನಾ ಬಂತು, ಸೈಕಲ್ ನಿಂತ್ವು. ಕೊರೊನಾ ಹೋತು, ಸೈಕಲ್ ಬರಲಿಲ್ಲ. ನಮ್ಮ ಮೊಮ್ಮಗಳು ಮೂರು ವರ್ಷ ಕಾದು, ಕಾಲೇಜಿಗೇ ಹ್ವಾದ್ಲು."

ಆ ಯೋಜನೆ ರದ್ದಾಯಿತೆಂದು ಡಂಗುರ ಸಾರಿದವರಿಲ್ಲ. ಮುಂದಿನ ವರ್ಷ ನೋಡೋಣ ಎಂಬ ಮಾತಿನ ಮೇಲೆಯೇ ವರ್ಷಗಳು ಹೋದವು. ಮಕ್ಕಳ ಯೋಜನೆಗಳು ಸಾಮಾನ್ಯವಾಗಿ ನಿಲ್ಲುವುದು ಹೀಗೆಯೇ, ಸದ್ದಿಲ್ಲದೆ. ಅದಕ್ಕಿಂತಲೂ ಸದ್ದಿಲ್ಲದ ಇನ್ನೊಂದು ದಾರಿಯಿದೆ: ಯೋಜನೆ ಹಾಗೇ ಇರುತ್ತದೆ, ದರವೂ ಹಾಗೇ ಇರುತ್ತದೆ, ಸಂತೆಯ ಬೆಲೆ ಮಾತ್ರ ಏರುತ್ತ ಹೋಗುತ್ತದೆ.

ಬಿಸಿಯೂಟಕ್ಕೆ ಒಂದು ಆಸರೆ ಸಿಕ್ಕಿದ್ದು ನ್ಯಾಯಾಲಯದಿಂದ. ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮರುವರ್ಷ ಉಳಿದ ಕಡೆಗೂ ಬಂತು. 2013ರ ಆಹಾರ ಭದ್ರತಾ ಕಾಯ್ದೆ ಅಂಗನವಾಡಿಯ ಊಟವನ್ನೂ ಶಾಲೆಯ ಊಟವನ್ನೂ ಮಕ್ಕಳ ಹಕ್ಕೆಂದು ಬರೆಯಿತು. ಅಂದರೆ ಊಟವನ್ನು ಇಲ್ಲವಾಗಿಸಲು ಇನ್ನು ಯಾರಿಗೂ ಬರುವುದಿಲ್ಲ. ಅದನ್ನು ತೆಳ್ಳಗಾಗಿಸಲು ಬರುತ್ತದೆ.

"ಅಂಗನವಾಡಿ ಕೂಸಿನ ಆಹಾರಕ್ಕ ದಿನಕ್ಕ 8 ರೂಪಾಯಿ," ಎಂದಳು ಯುವತಿ. "ಈ ದರ ಹಾಕಿದ್ದು 2017ರಾಗ. 2024 ಮುಗಿದ್ರೂ ಅದೇ ದರ. ಈ ಏಳು ವರ್ಷದಾಗ ಎಣ್ಣಿ ಎಷ್ಟಾತು, ಬ್ಯಾಳಿ ಎಷ್ಟಾತು, ನೀವೇ ಹೇಳ್ರಿ. ಸಾಲಿ ಊಟದ ದರ ಆಗೀಗ ಏರತೈತಿ, 2025ರ ಮೇದಾಗ ಒಂದರಿಂದ ಐದನೇತ್ತೆ ಹುಡುಗರಿಗೆ 6 ರೂಪಾಯಿ 78 ಪೈಸೆ ಆತು. ಅಡಿಗಿ ಮಾಡೂ ಅಕ್ಕಾರಿಗೆ ಕೇಂದ್ರ 2009ರಾಗ ತಿಂಗಳಿಗೆ ಸಾವಿರ ರೂಪಾಯಿ ಅಂತ ಹಾಕಿತ್ತು. ಆ ಸಾವಿರ ಏರಲೇ ಇಲ್ಲ. ಏರಿದ್ದೆಲ್ಲ ರಾಜ್ಯದ್ದು."

"8 ರೂಪಾಯಿ..." ಹಿರಿಯರು ಬೆರಳು ಮಡಚಿದರು. "ವರ್ಷಕ್ಕ ಎಷ್ಟು ದಿನ?"

"300."

"ಅಂದ್ರ 2,400." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದು ಟನ್ ಕಬ್ಬಿನ ಬಿಲ್ಲಿಗಿಂತ ಕಡಿಮಿ."

2025ರ ನವೆಂಬರಿನ ಗುರ್ಲಾಪುರ ಕ್ರಾಸ್ ಈ ಭಾಗದ ಯಾರಿಗೂ ಮರೆತಿಲ್ಲ. ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಹಗಲುರಾತ್ರಿ ರಸ್ತೆಯಲ್ಲೇ ಕೂತರು. ಕೊನೆಗೆ ಮುಖ್ಯಮಂತ್ರಿಗಳ ಸಭೆಯಲ್ಲಿ 3,300ಕ್ಕೆ ಬಂದು ನಿಂತಿತು. ಹಿರಿಯರೂ ಎರಡು ದಿನ ಅಲ್ಲಿಗೆ ಹೋಗಿ ಕೂತು ಬಂದಿದ್ದರು.

"ಕೂತದ್ದು ಸರಿ ಐತಿ ಕಾಕಾ, ನಿಮ್ಮ ದುಡಿತದ ರೊಕ್ಕ ಅದು. ಅಂಗನವಾಡಿ ಅಕ್ಕಾರೂ 2017ರಾಗ ಬೆಂಗಳೂರಿಗೆ ಹೋಗಿ ರೋಡಿನ್ಯಾಗ ಕೂತಿದ್ರು. ಆದ್ರ ಮೂರು ವರ್ಷದ ಕೂಸು ಯಾವ ಕ್ರಾಸಿನ್ಯಾಗ ಹೋಗಿ ಕೂಡಬೇಕು? ಅದಕ್ಕ ಓಟಿಲ್ಲ, ಸಂಘ ಇಲ್ಲ. ಬೇಲಿ ಬೇಕು ಅನ್ನೂದು ಅದಕ್ಕ."

ಹಿರಿಯರು ಈ ಮಾತಿಗೆ ಸೋಲಲಿಲ್ಲ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅಭ್ಯಾಸ ಅವರದು. "ಬೇಲಿ ಹಾಕಾವ ಯಾರು ಅನ್ನೂದು ಮೊದಲು ಹೇಳು. 2015ರಾಗ ಏನಾತು? ರಾಜ್ಯಗಳಿಗೆ ತೆರಿಗಿ ಪಾಲು ನೂರಕ್ಕ 32 ಇದ್ದದ್ದು 42 ಮಾಡಿದ್ರು. ಚಲೋ ಆತು, ನಮ್ಮ ರೊಕ್ಕ ನಮ್ಮ ಕೈಗೇ ಬಂತು ಅಂದ್ವಿ. ಅದೇ ವರ್ಷ ಕೇಂದ್ರ ಅಂಗನವಾಡಿ ಯೋಜನಿಗೆ ಬಜೆಟ್ಟಿನ್ಯಾಗ ಇಟ್ಟದ್ದು ಹದಿನೆಂಟು ಸಾವಿರ ಕೋಟಿಯಿಂದ ಎಂಟು ಸಾವಿರ ಕೋಟಿ ಚಿಲ್ಲರಕ್ಕ ಇಳೀತು."

"ಆಮ್ಯಾಲ ಪೂರಕ ಬಜೆಟ್ಟಿನ್ಯಾಗ ಮತ್ತ ಏರಿಸಿದ್ರು."

"ಏರಿಸಿದ್ರು, ಗದ್ದಲ ಆದ ಮ್ಯಾಲ. ಮುಂದಿನ ಹಣಕಾಸು ಆಯೋಗದಾಗ ಕರ್ನಾಟಕದ ಪಾಲು 4.71 ಇದ್ದದ್ದು 3.64ಕ್ಕ ಬಂತು. ಈಗ ಹೇಳು, ದಿಲ್ಲಿ ನಿಮ್ಮ ಕೈಯಾಗ ಐತಿ ಅಂತೈತಿ, ಬೆಂಗಳೂರು ನಮ್ಮ ಕೈಗೇ ಬಂದಿಲ್ಲ ಅಂತೈತಿ. ಇಂಥಾದ್ರಾಗ ಮಂಗಸೂಳಿ ಕೂಸಿನ ಬೇಲಿಗೆ ಗೂಟ ಯಾರು ಹೊಡೀಬೇಕು?"

ಅವಳ ಬಳಿ ಇದಕ್ಕೆ ಸಿದ್ಧ ಉತ್ತರವಿರಲಿಲ್ಲ. ಬದಲಿಗೆ ಚೀಲದಿಂದ ಒಂದು ಪಾಸ್‌ಬುಕ್ ತೆಗೆದಳು. ಪ್ಲಾಸ್ಟಿಕ್ ಹೊದಿಕೆಯ ಅಂಚು ಮುರಿದಿತ್ತು. ಒಳಗಿನ ಹಾಳೆಗಳಲ್ಲಿ ಮಸಿ ತಿಳಿನೇರಳೆಯಾಗಿ ಮಾಸಿತ್ತು, ಒಂದು ಮೂಲೆಯಲ್ಲಿ ತಂಬಾಕಿನ ಕಂದು ಬೆರಳಚ್ಚು. ಆ ಪುಟದ ಒಂದು ಸಾಲಿನ ಮೇಲೆ ಅವಳು ಬೆರಳಿಟ್ಟಳು.

"ಇದು ನನ್ನ ಸ್ಕಾಲರ್‌ಶಿಪ್. ನಮ್ಮವ್ವನ ಬೀಡಿ ಕಾರ್ಡಿನ ಮ್ಯಾಲ ಬಂದದ್ದು. 1976ರ ಕಾಯ್ದೆ ಕಾಕಾ. ಸಾವಿರ ಬೀಡಿಗೆ 5 ರೂಪಾಯಿ ಸೆಸ್. ಅದು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಹೋಗ್ತಿತ್ತು, ಅಲ್ಲಿಂದ ದವಾಖಾನಿ, ಮನಿ, ಮಕ್ಕಳ ಸ್ಕಾಲರ್‌ಶಿಪ್. ನಮ್ಮವ್ವ ಹಗಲೆಲ್ಲ ಕಟ್ಟಿದ್ರ ಸಾವಿರ ಆಗ್ತಿದ್ವು. ಅಂದ್ರ ಆಕಿ ದಿನಾ ನನ್ನ ಹೆಸರಲೆ 5 ರೂಪಾಯಿ ಸರ್ಕಾರದ ಡಬ್ಬಿಗೆ ಹಾಕಿದಂಗ. ನಾ ಹಂಗ ತಿಳ್ಕೊಂಡಿದ್ದೆ. ಮ್ಯಾಲಿನವರು ದಯಾ ತೋರಿಸಿ ಕೊಟ್ಟದ್ದಲ್ಲ ಅದು."

"ಈಗ?"

"2017ರ ಜುಲೈ 1ಕ್ಕ ಜಿಎಸ್‌ಟಿ ಬಂತು. ಒಂದೇ ತೆರಿಗಿ ಇರಲಿ ಅಂತ ಸಣ್ಣ ಸಣ್ಣ ಸೆಸ್ಸು ತಗದ್ರು, ಅದ್ರಾಗ ಬೀಡಿ ಸೆಸ್ಸೂ ಹೋತು. ಸ್ಕಾಲರ್‌ಶಿಪ್ ಹೋಗಲಿಲ್ಲ, ಈಗಲೂ ವರ್ಷಕ್ಕ ಸಾವಿರದಿಂದ ಇಪ್ಪತ್ತೈದು ಸಾವಿರದ ತನಕ ಐತಿ. ಆದ್ರ ಮೊದಲು ಅದಕ್ಕಂತಲೇ ಒಂದು ಡಬ್ಬಿ ಇತ್ತು. ಈಗ ವರ್ಷಾ ವರ್ಷಾ ದಿಲ್ಲಿ ಬಜೆಟ್ಟಿನ ಬಾಗಿಲಾಗ ನಿಲ್ಲಬೇಕು. ಬೀಡಿಗೆ ತೆರಿಗಿ ಬರೂದೇನು ನಿಂತಿಲ್ಲ. ಆ ತೆರಿಗ್ಯಾಗ ಬೀಡಿ ಕಟ್ಟೂ ಮನಿ ಹುಡುಗರದು ಇಷ್ಟು ಅಂತ ಬರದಿದ್ದ ಚೀಟಿ ಅಷ್ಟ ಹರದ್ರು."

ನಿಪ್ಪಾಣಿಯ ತಂಬಾಕಿನ ಕಥೆ ಹಿರಿಯರಿಗೆ ಹೊಸದಲ್ಲ. 1981ರ ಏಪ್ರಿಲ್‌ನಲ್ಲಿ ಅಲ್ಲಿ ಬೆಲೆಗಾಗಿ ರಸ್ತೆಗಿಳಿದ ತಂಬಾಕು ಬೆಳೆಗಾರರ ಮೇಲೆ ಗೋಲಿಬಾರ್ ಆದಾಗ ಅವರು ಇಪ್ಪತ್ತರ ಆಸುಪಾಸಿನವರು. ಪಾಸ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಮಡಚಿ, ಅವಳ ಕೈಗೆ ಕೊಟ್ಟರು.

"ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಿನ್ನ ಪಾಟಿಪುಸ್ತಕಕ್ಕ ರೊಕ್ಕ ಬರಬೇಕಂದ್ರ ಯಾರೋ ಬೀಡಿ ಸೇದಿ ಎದಿ ಸುಟ್ಕೋಬೇಕಿತ್ತು. ಮಂದಿ ಬೀಡಿ ಬಿಟ್ರ ನಿನ್ನ ಸ್ಕಾಲರ್‌ಶಿಪ್ ಕಡಿಮಿ. ಅಂಥ ರೊಕ್ಕದ ಮ್ಯಾಲ ಕೂಸಿನ ಸಾಲಿ ನಿಲ್ಲಿಸೂದು ಸರಿ ಏನು? ಕೂಸು ಬೀಡಿಯವರದಿರಲಿ, ಕಬ್ಬಿನವರದಿರಲಿ, ಎಲ್ಲಾರ ತೆರಿಗ್ಯಾಗಿಂದ ಅದಕ್ಕ ಕೊಡಬೇಕು. ಡಬ್ಬಿ ಬ್ಯಾರೆ ಬ್ಯಾರೆ ಇಟ್ರ ಜಾತಿ ಬ್ಯಾರೆ ಬ್ಯಾರೆ ಇಟ್ಟಂಗ."

"ಈ ಮಾತು ನನಗ ತಾಕೇತಿ," ಎಂದಳು. "ಆದ್ರ ಎಲ್ಲಾರದೂ ಅಂದದ್ದು ಕಡೀಕ ಯಾರದೂ ಅಲ್ಲ ಅಂತ ಆಗ್ತೈತಿ, ಅದೇ ನನಗ ಅಂಜಿಕಿ."

"ಇನ್ನೊಂದು ಡಬ್ಬಿ ಕಥಿ ಹೇಳಲೇನು? ಕಟ್ಟಡ ಕಾರ್ಮಿಕರದು. 1996ರ ಕಾಯ್ದೆ, ಕಟ್ಟಡದ ಖರ್ಚಿನ ಮ್ಯಾಲ ನೂರಕ್ಕ ಒಂದು ಸೆಸ್. ಆ ಸೆಸ್ ಯಾರೂ ತಗೀಲಿಲ್ಲ, ಮಂಡಳಿಯೊಳಗ ಸಾವಿರಾರು ಕೋಟಿ. ಗಟ್ಟಿ ಬೇಲಿ ಅಂದ್ರ ಅದು. ಏನಾತು? 2023ರಾಗ ಅವರ ಮಕ್ಕಳ ಸಹಾಯಧನಾನೇ ಕಡದ್ರು. ಗೌಂಡಿ ಮಕ್ಕಳು ಕೋರ್ಟಿಗೆ ಹೋಗಬೇಕಾತು. ಯಾಕ ಕಡದ್ರು? ಬೋಗಸ್ ಕಾರ್ಡ್ ಭಾಳ ಆಗ್ಯಾವ, ಎಲ್ಲಾರಿಗೂ ಕೊಟ್ರ ರೊಕ್ಕ ಸಾಲೂದಿಲ್ಲ ಅಂತ. ಬೋಗಸ್ ಕಾರ್ಡ್ ಸುಳ್ಳಲ್ಲ ತಂಗಿ. ಒಂದಿನ ಇಟ್ಟಂಗಿ ಹೊರದವರ ಕಿಸೇದಾಗೂ ಕಾರ್ಡ್ ನೋಡೀನಿ ನಾ."

"ಕಳ್ಳ ಕಾರ್ಡ್ ಮಾಡಿಸಿದವ ದೊಡ್ಡಾಂವ. ಫೀಸು ಕಟ್ಟಲಾರದ ಕೂತದ್ದು ಗೌಂಡಿ ಮಗಳು."

"ಹೌದು. ಆದ್ರ ಕಾಯಾಕ ಮಂದಿ ಇಲ್ಲದ ಬೇಲಿ ಕಟ್ಟಿದ್ರ ಹಿಂಗ ಆಗ್ತೈತಿ. ನಿಂದು ಬರೇ ಬೇಲಿ ಚಿಂತಿ. ನಂದು ಕಾವಲ ಚಿಂತಿ. 2020ರಾಗ ಕರ್ನಾಟಕ ಮಕ್ಕಳ ಬಜೆಟ್ ಅಂತ ಬ್ಯಾರೆ ಪುಸ್ತಕ ತಗೀತು. 279 ಕಾರ್ಯಕ್ರಮ, 36,340 ಕೋಟಿ. ಓದಿ ಎದಿ ತುಂಬತು. ಮರುದಿನ ನಮ್ಮ ಸಾಲಿಗೆ ಹೋಗಿ ನೋಡಿದ್ರ ಸಂಡಾಸದ ಬಾಗಿಲಿಗೆ ಅದೇ ಹಗ್ಗ."

ಇಲ್ಲಿ ಇಬ್ಬರ ಮಾತೂ ನಿಜ. ಮಕ್ಕಳಿಗೆಂದು ಬರೆದ ಹಣದ ಬಹುಪಾಲು ಶಿಕ್ಷಣ ಇಲಾಖೆಯ ಸಂಬಳಕ್ಕೆ ಹೋಗುತ್ತದೆ. ಹೋಗಲೇಬೇಕು, ಮಾಸ್ತರಿಲ್ಲದೆ ಶಾಲೆಯಿಲ್ಲ. ಆದರೆ ಪ್ರತಿ ವರ್ಷ ಅಂಥ ಪುಸ್ತಕ ಬಂದದ್ದರಿಂದ ಒಂದು ಉಪಯೋಗವಾಗಿದೆ: ಯಾವ ಸಾಲು ಕಳೆದ ವರ್ಷಕ್ಕಿಂತ ಇಳಿಯಿತೆಂದು ಬೆರಳಿಟ್ಟು ತೋರಿಸಲು ಬರುತ್ತದೆ. ಕಷ್ಟವೇನೆಂದರೆ ಆ ಪುಸ್ತಕ ವಿಧಾನಸೌಧದಲ್ಲಿದೆ, ಬೆರಳು ಮಂಗಸೂಳಿಯಲ್ಲಿದೆ.

ಎರಡನ್ನೂ ಕೂಡಿಸಬೇಕೆಂದೇ ನವೆಂಬರ್ 14ರ ಸುಮಾರಿಗೆ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅದರ ಮಾತು ಬಂದೊಡನೆ ಹಿರಿಯರ ದನಿ ತಗ್ಗಿತು.

"ನಾ ಮೆಂಬರ್ ಇದ್ದಾಗ ಒಬ್ಬ ಆರನೇತ್ತೆ ಹುಡುಗಿ ಎದ್ದು ನಿಂತ್ಲು. ಅಂಗನವಾಡಿ ಮುಂದ ಗಟಾರ ಐತಿ, ನಮ್ಮ ತಮ್ಮ ಎರಡು ಸಲ ಬಿದ್ದಾನ, ಮ್ಯಾಲ ಕಲ್ಲು ಹಾಕಿಸ್ರಿ ಅಂದ್ಲು. ಭಾಳ ಕೇಳಲಿಲ್ಲ, ಎರಡು ಫರಶಿ. ಠರಾವಿನ್ಯಾಗ ಬರಕೊಂಡ್ವಿ. ಎಲ್ಲಾ ಹುಡುಗರಿಗೆ ಬಿಸ್ಕಿಟ್ ಕೊಟ್ವಿ. ನಮ್ಮ ಅವಧಿ ಮುಗೀತು. ಫರಶಿ ಬೀಳಲಿಲ್ಲ."

"ರೊಕ್ಕ ಇರಲಿಲ್ಲೇನು?"

"ರೊಕ್ಕ ಇತ್ತೋ ಇರಲಿಲ್ಲೋ, ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗುಡಿ ಜಾತ್ರಿಗೆ ಪಟ್ಟಿ ಎತ್ತಿದ್ರ ಎರಡು ದಿನದಾಗ ಲಕ್ಷಗಟ್ಟಲೆ ಕೂಡತೈತಿ ಇಲ್ಲಿ. ಪ್ರಸಾದಕ್ಕ ಒಂದು ದಿನಾನೂ ಕಡಿಮಿ ಬಿದ್ದಿಲ್ಲ. ಊರ ಮನಸ್ಸು ಮಾಡಿದ್ರ ಸರ್ಕಾರದ ಹಾದಿ ಕಾಯಬೇಕಾಗಿಲ್ಲ ಅಂತ ನಾ ಹೇಳೂದು ಅದಕ್ಕ."

"ಕಾಕಾ, ಊರ ಕೊಡೂದು ಊರ ಮಕ್ಕಳಿಗೆ. ಊರವರಲ್ಲದ ಮಕ್ಕಳಿಗೆ?"

ಆಗಲೇ ಕಬ್ಬು ಹೇರಿದ ಟ್ರ್ಯಾಕ್ಟರೊಂದು ತಿರುವಿನಲ್ಲಿ ನಿಧಾನವಾಯಿತು. ಹೇರಿದ ಕಬ್ಬಿನ ಮೇಲೆ ಹತ್ತು ವರ್ಷದ ಒಬ್ಬಳು ಹುಡುಗಿ, ತೊಡೆಯ ಮೇಲೆ ಕೈಕೂಸು. ಕೂಸಿನ ಬಾಯಲ್ಲಿ ಸಿಪ್ಪೆ ತೆಗೆದ ಕಬ್ಬಿನ ತುಂಡು. ಹುಡುಗಿ ಒಂದು ಕೈಯಿಂದ ಹಗ್ಗ ಹಿಡಿದಿದ್ದಳು, ಇನ್ನೊಂದರಿಂದ ಕೂಸಿನ ತಲೆಗೆ ಬಿಸಿಲು ತಾಗದಂತೆ ಸೆರಗಿನ ಚೂರು ಹಿಡಿದಿದ್ದಳು. ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಬಂದ ಗ್ಯಾಂಗು. ಗಂಡಹೆಂಡತಿ ಸೇರಿದರೆ ಒಂದು ಕೋಯ್ತಾ. ಗ್ಯಾಂಗು ಕೂಡಿಸಿ ತರುವ ಮುಕಾದಮನ ಕೈಯಿಂದ ಮುಂಗಡ ಹಿಡಿದು ಬರುವ ಇಂಥವರು ಹಂಗಾಮು ಮುಗಿಯುವವರೆಗೆ ಖೋಪಿ ಎಂಬ ಗುಡಿಸಲಲ್ಲೇ ಸಂಸಾರ ಮಾಡುತ್ತಾರೆ.

"ಅವರ ಸರ್ಕಾರ ಒಂದು ಮಾಡೇತಿ," ಎಂದಳು ಯುವತಿ. "ಮಹಾರಾಷ್ಟ್ರದಾಗ ಕಬ್ಬು ಕಡಿಯವರಿಗಂತ ಗೋಪಿನಾಥ ಮುಂಡೆ ಹೆಸರಿನ ಮಹಾಮಂಡಳ ಐತಿ. ಕಾರ್ಖಾನಿ ಟನ್ನಿಗೆ 10 ರೂಪಾಯಿ ಕೊಡಬೇಕು, ಸರ್ಕಾರ ಅಷ್ಟೇ ಹಾಕಬೇಕು ಅಂತ ಠರಾವು. ಅಪ್ಪ ಅವ್ವ ಕಬ್ಬಿಗೆ ಬಂದಾಗ ಮಕ್ಕಳು ಊರಾಗ ಉಳದು ಓದಲಿ ಅಂತ 82 ಹಾಸ್ಟೆಲ್ ಮಂಜೂರಿ ಮಾಡ್ಯಾರ. ಹತ್ತು ಲಕ್ಷ ಟನ್ ಅರಿಯೂ ಕಾರ್ಖಾನಿ ಆದ್ರ ವರ್ಷಕ್ಕ ಒಂದು ಕೋಟಿ. ಚಿಕ್ಕೋಡಿ, ಅಥಣಿ, ಕಾಗವಾಡ, ರಾಯಬಾಗ, ಎಲ್ಲಾ ಕಾರ್ಖಾನಿ ಕೂಡಿದ್ರ ಎಷ್ಟಾಗ್ತೈತಿ? ನಮ್ಮಲ್ಲೂ ಮಾಡಿದ್ರ ಏನು?"

"ಹಾಸ್ಟೆಲ್ ಮಂಜೂರಿ ಆದ್ವು, ಬಾಡಿಗಿ ಕಟ್ಟಡದಾಗ ಶುರುನೂ ಆದ್ವು. ಆದ್ರೂ ಆ ಹುಡುಗಿ ಕಬ್ಬಿನ ಮ್ಯಾಲೇ ಕೂತಾಳ."

"ಕೂತಾಳ. ಅದಕ್ಕ ಇಲ್ಲೂ ಬೇಕು."

"ತಂಗಿ, ಆ 10 ರೂಪಾಯಿ ಕಾರ್ಖಾನಿ ಎಲ್ಲಿಂದ ಕೊಡ್ತೈತಿ ಅಂತ ತಿಳದಿ? ಸಕ್ಕರಿ ಡಬ್ಬಿಯಿಂದಲ್ಲ, ನನ್ನ ಬಿಲ್ಲಿನಿಂದ. ತೂಕದಾಗ ಹಿಡೀತಾರ, ರಿಕವರಿಯೊಳಗ ಹಿಡೀತಾರ, ಇದನ್ನೂ ಯಾವುದರ ಹೆಸರಲೆ ಹಿಡೀತಾರ. ನೂರು ರೂಪಾಯಿಗಂತ ರೋಡಿನ್ಯಾಗ ಮಲಗಿದವರಿಗೆ 10 ರೂಪಾಯಿ ಬಿಡ್ರಿ ಅಂದ್ರ ಹೆಂಗ ಕೇಳಸ್ತೈತಿ, ವಿಚಾರ ಮಾಡು."

"ಬಿಲ್ಲಿನ್ಯಾಗ ಕಾಣೂ ಹಂಗ ಹಿಡೀಲಿ. ಮಕ್ಕಳ ನಿಧಿ, 10 ರೂಪಾಯಿ, ಅಂತ ಒಂದು ಸಾಲು ಇರಲಿ. ನಿಮ್ಮ ರೊಕ್ಕ ಅಂತ ಗೊತ್ತಿದ್ರ ನೀವೇ ಕಾವಲಗಾರರು ಆಗ್ತೀರಿ. ಬೇಲಿ ನಂದು, ಕಾವಲ ನಿಮ್ದು."

"ನಂದು ಒಪ್ಪಿಗಿ ಇಲ್ಲ." ಹಿರಿಯರು ಥಟ್ಟನೆ ಹೇಳಿದರು. "ಸಕ್ಕರಿ, ಮೊಲಾಸಿಸ್, ಇಥೆನಾಲ್, ಎಲ್ಲಾದರಿಂದ ಸರ್ಕಾರಕ್ಕ ತೆರಿಗಿ ಹೋಗೇ ಹೋಗ್ತೈತಿ. ಮೊದಲು ಅದ್ರಾಗಿಂದ ತಗೀರಿ. ನನ್ನ ಹಂತ್ಯಾಕ ಕಡೀಕ ಬರ್ರಿ."

"ಸರಿ, ಕಡೀಕ ಬರ್ತೀನಿ," ಎಂದು ನಕ್ಕಳು. ಕೂಡಲೇ ನಗು ಹೋಯಿತು. "ನಿಮ್ಮ ಹೊಲದ ಬಾಜೂಕ ಖೋಪಿ ಅದಾವಲ್ಲ, ಎಷ್ಟು ಮಂದಿ?"

"ಹನ್ನೆರಡು ಕೋಯ್ತಾ."

"ಹುಡುಗರು?"

ಕಬ್ಬಿನ ಎಕರೆ, ಟನ್ನು, ಬಾಕಿ ಬಿಲ್ಲು, ಎಲ್ಲವೂ ಅವರಿಗೆ ಬಾಯಿಪಾಠ. ಈ ಲೆಕ್ಕ ಇರಲಿಲ್ಲ. "ಅದಾವ, ಎಂಟ್ಹತ್ತು ಇರಬೇಕು. ಎಣಿಸಿಲ್ಲ," ಎಂದರು. ಸ್ವಲ್ಪ ತಡೆದು, "ಎಣಿಸಿದ್ರ ಮುಂದೇನು? ಅವುಕ್ಕ ಕನ್ನಡ ಬರೂದಿಲ್ಲ. ಅಂಗನವಾಡಿ ಟೀಚರ್ ಹೆಸರು ಬರಕೊಂಡ್ರೂ ಆ 8 ರೂಪಾಯಿ ಯಾವ ರಾಜ್ಯದಿಂದ ಬರ್ತೈತಿ? ಈಗ ಮಾರಿ ಫೋಟೋ ಹೊಡದು, ಆಧಾರ ಕೂಡಿಸಿ ರೇಷನ್ ಕೊಡ್ತಾರಂತ. ಅವರ ಆಧಾರ ಬೀಡದಾಗ."

"ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪಿನ್ಯಾಗ ವಲಸಿ ಬಂದವರನ್ನ ಬ್ಯಾರೆ ಕಡೆ ತಗೊಳ್ಳಾಕ ಬರ್ತೈತಿ. ಟೀಚರಿಗೆ ಕೇಳೀನಿ. ನೆಟ್‌ವರ್ಕ್ ಇದ್ರ, ತಾಯಿ ಹೊಲಕ್ಕ ಹೋಗೂಕಿಂತ ಮೊದಲು ಸಿಕ್ರ ಆಗ್ತೈತಿ ಅಂದ್ರು. ಕೂಸಿನ ಮನಿ ಯೋಜನಾನೂ ಐತಿ, 2023ರ ಬಜೆಟ್ಟಿನ್ಯಾಗ 4,000 ಪಂಚಾಯ್ತಿಗೆ ಅಂತ ಬಂದದ್ದು. ಅದು ಉದ್ಯೋಗ ಖಾತ್ರಿಯವರ ಕೂಸುಗಳಿಗಂತ ಮಾಡಿದ್ದು. ಕಬ್ಬಿನವರ ಕೂಸು ತಗೋತಾರೋ ಇಲ್ಲೋ ಪಂಚಾಯ್ತ್ಯಾಗ ಕೇಳಬೇಕು."

"ತಗೊಳ್ಳೂದಿಲ್ಲ ಅಂತಾರ."

"ಬರದು ಕೊಡ್ರಿ ಅಂತೀನಿ."

ಹಿರಿಯರು ಎದ್ದು ಧೋತರದ ಮಣ್ಣು ಕೊಡವಿದರು. ಚಹಾದ ದುಡ್ಡು ಕೊಡಲು ಅವಳು ಚೀಲಕ್ಕೆ ಕೈಹಾಕಿದಾಗ ತಡೆದು ತಾವೇ ಕೊಟ್ಟರು. ಟ್ರ್ಯಾಕ್ಟರು ಹೋದ ದಿಕ್ಕಿನಲ್ಲಿ ಧೂಳು ಇನ್ನೂ ಕೂತಿರಲಿಲ್ಲ.

"ಟನ್ನಿಗೆ 10 ರೂಪಾಯಿಗೆ ನಾ ಹೂಂ ಅಂದಿಲ್ಲ, ನೆನಪಿಡು," ಎಂದರು. "ಗ್ಯಾಂಗಿನವರು ನಸುಕಿನ್ಯಾಗ ಐದಕ್ಕೇ ಹೊಲಕ್ಕ ಬೀಳ್ತಾರ. ನಾಳೆ ನಾಕೂವರಿಗೆ ಬಾ. ವಹಿ ತಗೊಂಡು ಬಾ, ನಮ್ಮ ಮನ್ಯಾಗ ಬ್ಯಾಟರಿ ಐತಿ. ಮುಕಾದಮಗ ನಾ ಮರಾಠ್ಯಾಗ ಹೇಳ್ತೀನಿ."